ಎಡಜೇಬಿನಲ್ಲಿ ಉಳಿದ ಗುಂಡಿ

ನಮ್ಮ ಮನೆಯಿಂದ ಯಾರು ಹೊರಗೆ ಹೊರಟರೂ ಬಾಗಿಲಲ್ಲಿ ಒಂದು ಮಾತು ತಪ್ಪದೆ ಬೀಳುತ್ತದೆ: ಹುಷಾರು. ಹಾಲು ತರಲು ಹೋದರೂ ಹುಷಾರು, ಮಹಡಿಯಿಂದ ಒಣಗಿದ ಬಟ್ಟೆ ತೆಗೆಯಲು ಹೋದರೂ ಹುಷಾರು. ಅಪ್ಪ ಕಟ್ಟಡಗಳಿಗೆ ಬಣ್ಣ ಬಳಿಯುತ್ತಿದ್ದರು. ನನಗೆ ಹದಿನಾರು, ತಮ್ಮನಿಗೆ ಆರು ತುಂಬಿದ ವರ್ಷ, ಒಂದು ಬೆಳಗ್ಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಸಾರುವೆ ಹತ್ತಿದರು. ಒಂದು ಕಿಟಕಿಯ ಅಂಚು ಮಾತ್ರ ಬಾಕಿ ಇತ್ತಂತೆ, ಐದೇ ನಿಮಿಷದ ಕೆಲಸವಂತೆ. ಅಲ್ಲಿಂದ ಬಿದ್ದವರು ಮನೆಗೆ ಮರಳಲಿಲ್ಲ. ಅಂದಿನಿಂದ ಅಮ್ಮ ಆ ಮಾತು ಹಿಡಿದಳು, ನಾನು ಅವಳಿಂದ ಕಲಿತೆ. ಹೆದರುವುದರಲ್ಲಿ ನನ್ನದು ಎತ್ತಿದ ಕೈ. ಹೊಲಿಗೆ ಅಂಗಡಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವವಳು ನಾನು. ಇಂಥ ಮನೆಯಲ್ಲಿ ಒಬ್ಬ ಬಾಕ್ಸರ್ ಹೇಗೆ ಹುಟ್ಟಿದ ಎಂದು ನನ್ನನ್ನು ಕೇಳಬೇಡಿ.

ಹುಟ್ಟಿದ್ದೇನೋ ಹುಟ್ಟಿದ, ಆದರೆ ನಮ್ಮ ಮನೆಯವನಾಗಿಯೇ ಹುಟ್ಟಿದ. ತಮ್ಮನಿಗೆ ಗಾಜಿನ ಅಂಗಡಿಯಲ್ಲಿ ಕೆಲಸ. ದೊಡ್ಡ ದೊಡ್ಡ ಗಾಜಿನ ಹಾಳೆಯನ್ನು ತೋಳುಗಳ ನಡುವೆ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು, ನೆಲ ನೋಡುತ್ತ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ನಡೆದು ಅವನಿಗೆ ರೂಢಿ. ರಿಂಗಿನೊಳಗೂ ಹಾಗೆಯೇ ನಡೆಯುತ್ತಿದ್ದ. ಹೊಡೆತ ಬರುವ ಸೂಚನೆ ಕಂಡರೆ ಸಾಕು, ಎರಡೂ ತೋಳನ್ನು ತಲೆಯ ಮೇಲೆ ಮುಚ್ಚಿಕೊಂಡು ಅದರಡಿ ಸೇರಿಕೊಳ್ಳುತ್ತಿದ್ದ. ಜಿಮ್ಮಿನವರು ಅವನಿಗೆ ‘ಕೊಡೆ’ ಎಂದು ಹೆಸರಿಟ್ಟರು. ಹದಿನೈದು ಪಂದ್ಯ ಆಡಿದ್ದ. ನಾಲ್ಕು ಗೆಲುವು, ಹನ್ನೊಂದು ಸೋಲು. ಸೋತದ್ದೆಲ್ಲ ಅಂಕಗಳ ಲೆಕ್ಕದಲ್ಲಿ. ಅವನನ್ನು ಯಾರೂ ನೆಲಕ್ಕೆ ಕೆಡವಿರಲಿಲ್ಲ, ಅವನೂ ಯಾರನ್ನೂ ಕೆಡವಿರಲಿಲ್ಲ. ನೋಡುವವರು ಆಕಳಿಸುತ್ತಿದ್ದರು. ನನಗೆ ಮಾತ್ರ ಈ ಏರ್ಪಾಟು ಬಹಳ ಹಿಡಿಸಿತ್ತು.

ಮನೆಯಲ್ಲಿ ಕೂತು ಹೆದರುವುದಕ್ಕಿಂತ ಕಣ್ಣೆದುರು ನೋಡಿಕೊಂಡು ಹೆದರುವುದೇ ವಾಸಿ ಎಂದು ಮೊದಲ ಪಂದ್ಯದಿಂದಲೇ ನಾನು ಅವನ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಕೈಗೆ ಪಟ್ಟಿ ಸುತ್ತುವುದು, ಗಾಯಕ್ಕೆ ಹತ್ತಿ ಒತ್ತುವುದು, ನೀರು ಕೊಡುವುದು ನನ್ನ ಪಾಲಿನ ಕೆಲಸ. ಹೊಲಿಗೆಯವಳ ಕೈ ಅಲ್ಲವೇ, ಪಟ್ಟಿ ಸುತ್ತುವುದರಲ್ಲಿ ನನ್ನನ್ನು ಮೀರಿಸುವವರು ಜಿಮ್ಮಿನಲ್ಲಿ ಇರಲಿಲ್ಲ. ಮಾತಾಡುವುದು, ಬೈಯುವುದು, ಉಪಾಯ ಹೇಳುವುದು ಮೇಷ್ಟ್ರ ಕೆಲಸ. ಅವನಿಗೆ ಬಾಕ್ಸಿಂಗ್ ಕಲಿಸಿದವರು ಅವರು. ಸುತ್ತುಗಳ ಲೆಕ್ಕವೂ ನನ್ನದೇ. ಹೆದರಿದಾಗ ನನ್ನ ತಲೆಯಲ್ಲಿ ಅಂಕಿಗಳು ನಿಲ್ಲುವುದಿಲ್ಲ. ಅದಕ್ಕೆ ಅಂಗಡಿಯಲ್ಲಿ ಮಾಡುವುದನ್ನೇ ಅಲ್ಲೂ ಮಾಡುತ್ತಿದ್ದೆ. ಒಂದು ಡಜನ್ ಅಂಗಿ ಹೊಲಿಯಲು ಕೂತರೆ ಎಡಜೇಬಿನಲ್ಲಿ ಹನ್ನೆರಡು ಗುಂಡಿ ಹಾಕಿಕೊಳ್ಳುತ್ತೇನೆ, ಒಂದು ಅಂಗಿ ಮುಗಿದರೆ ಒಂದು ಗುಂಡಿ ಬಲಜೇಬಿಗೆ. ಪಂದ್ಯಕ್ಕೆ ಆರು ಸುತ್ತು, ಆರು ಗುಂಡಿ. ಸುತ್ತು ಮುಗಿದ ಗಂಟೆ ಹೊಡೆದಾಗ ಒಂದನ್ನು ಎಡದಿಂದ ಬಲಕ್ಕೆ ದಾಟಿಸುತ್ತಿದ್ದೆ. ಮೇಷ್ಟ್ರು ತಿರುಗಿಯೂ ನೋಡದೆ ಎಷ್ಟುಳಿಯಿತು ಎಂದು ಕೇಳುವರು, ನಾನು ಬೆರಳು ತೋರಿಸುವೆ. ಹದಿನೈದು ಪಂದ್ಯದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಹಾಗಾಗಿ ಯಾರೂ ಪರೀಕ್ಷಿಸುತ್ತಲೂ ಇರಲಿಲ್ಲ.

ಹದಿನಾರನೆಯ ಪಂದ್ಯ ನಮ್ಮದಾಗಿರಲಿಲ್ಲ. ಆಡಬೇಕಿದ್ದವನಿಗೆ ಕಾಮಾಲೆ ಬಂತು. ಇನ್ನು ಹತ್ತೇ ದಿನ ಇದೆ ಎನ್ನುವಾಗ ಪಂದ್ಯ ನಡೆಸುವವನು ಗಾಜಿನ ಅಂಗಡಿಗೇ ಬಂದು ತಮ್ಮನನ್ನು ಕೇಳಿದ. ಎದುರಾಳಿ ‘ಸುತ್ತಿಗೆ’ ಎಂದೇ ಹೆಸರಾದವನು. ಒಂಬತ್ತು ಪಂದ್ಯ, ಒಂಬತ್ತೂ ಗೆಲುವು, ಅದರಲ್ಲಿ ಎಂಟು ಸಲ ಎದುರಿನವನನ್ನು ಎತ್ತಿಕೊಂಡು ಹೋಗಬೇಕಾಗಿತ್ತು. ಆರು ಸುತ್ತು ನಿಲ್ಲುವ ಆಳು ಬೇಕು, ಗೆಲ್ಲುವುದೇನೂ ಬೇಕಾಗಿಲ್ಲ ಎಂದು ಪಂದ್ಯ ನಡೆಸುವವನು ಮುಚ್ಚುಮರೆಯಿಲ್ಲದೆ ಹೇಳಿದನಂತೆ. ನಮ್ಮ ಮಹಾಶಯ ಅಕ್ಕನನ್ನು ಒಂದು ಮಾತು ಕೇಳದೆ ಒಪ್ಪಿಕೊಂಡು ಬಂದ.

ಅಂದು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ತಲೆ ಕೆಟ್ಟಿದೆಯಾ, ಬದುಕು ಸಾಕಾಗಿದೆಯಾ ಎಂದೆಲ್ಲ ಕೂಗಾಡಿದೆ. ಅಮ್ಮ ಒಲೆಯ ಮುಂದೆ ನಿಂತಲ್ಲೇ ನಿಂತಿದ್ದಳು. ಅವನು ಉಂಡ ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದ:

“ಇಷ್ಟು ದಿನ ಸೋಲಬಾರದು ಅಂತಾನೇ ಆಡಿದೆ ಅಕ್ಕ. ಆದ್ರೂ ಸೋತೆ. ಇನ್ನೊಂದು ಥರ ಆಡಿ ಸೋತು ನೋಡ್ತೀನಿ.”

ಅವನು ತೊಳೆದಿಟ್ಟ ತಟ್ಟೆಯನ್ನೇ ನಾನು ಮತ್ತೊಮ್ಮೆ ತೊಳೆದೆ.

ಮರುದಿನ ಅಂಗಡಿ ಬೇಗ ಮುಚ್ಚಿ, ಯಾರಿಗೂ ಹೇಳದೆ ಒಂದು ಮನೆಗೆ ಹೋದೆ. ಸುತ್ತಿಗೆಯ ಕೈಲಿ ಕೊನೆಯ ಬಾರಿ ಬಿದ್ದವನು ಒಬ್ಬ ಬಸ್ ಕಂಡಕ್ಟರ್. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದ. ಯಾಕೆ ಹೋದೆನೋ, ಹೋಗಬಾರದಿತ್ತು. ಅವನ ಹೆಂಡತಿ ಕುರ್ಚಿ ಕೊಟ್ಟಳು. ಅವನು ಕಿಟಕಿಯ ಬಳಿ ಕೂತಿದ್ದ, ಮೈಕೈ ಗಟ್ಟಿಯಾಗಿಯೇ ಇತ್ತು, ನನ್ನನ್ನು ನೋಡಿ ನಕ್ಕ. ಅಂಗಿಯ ಗುಂಡಿಗಳನ್ನು ಒಂದು ಕಾಜಾ ಬಿಟ್ಟು ಹಾಕಿಕೊಂಡಿದ್ದ. ಒಂದು ಕಡೆ ಕಾಲರ್ ಮೇಲೆ, ಇನ್ನೊಂದು ಕಡೆ ಅಂಚು ಕೆಳಗೆ. ಹೊಲಿಗೆಯವಳ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಹೆಂಡತಿ ಮಾತಾಡುತ್ತಲೇ ಎದ್ದು ಹೋಗಿ ಎಲ್ಲ ಗುಂಡಿ ಬಿಚ್ಚಿ ಮೇಲಿನಿಂದ ಸರಿಯಾಗಿ ಹಾಕಿದಳು. ಅವನು ಮಗುವಿನ ಹಾಗೆ ಗದ್ದ ಎತ್ತಿ ಕೊಟ್ಟ. ಐದು ನಿಮಿಷ ಕಳೆದ ಮೇಲೆ ನನ್ನನ್ನು ಮತ್ತೆ ನೋಡಿ, ಆಗ ತಾನೇ ಬಂದವಳೆಂಬಂತೆ ಮತ್ತೆ ನಕ್ಕ.  ಮನೆಗೆ ಬಂದ ಮೇಲೆ, ತಮ್ಮ ತನ್ನ ಅಂಗಿ ಹಾಕಿಕೊಳ್ಳುವಾಗಲೆಲ್ಲ ಗುಂಡಿಗಳನ್ನು ಕದ್ದು ನೋಡತೊಡಗಿದೆ.

ಪಂದ್ಯಕ್ಕೆ ಮೂರು ದಿನವಿದ್ದಾಗ ಮೇಷ್ಟ್ರು ಸ್ನಾನದ ಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ನಲವತ್ತು ವರ್ಷ ರಿಂಗಿನಲ್ಲಿ ಏನೂ ಆಗದವರು ಸೋಪಿನ ಮುಂದೆ ಸೋತರು. ಹಾಸಿಗೆಯಲ್ಲಿ ಮಲಗಿಕೊಂಡೇ ಅವರು ನನಗೆ ಮೂಲೆಯ ಕೆಲಸವೆಲ್ಲ ಮತ್ತೆ ಹೇಳಿಕೊಟ್ಟರು, ಬೇಡವೆನಿಸಿದರೆ ಟವೆಲ್ ಎಸೆಯುವ ಹಕ್ಕು ನಿನಗಿದೆ ಎಂದೂ ಹೇಳಿದರು. ಮೂಲೆಯವರು ರಿಂಗಿನೊಳಗೆ ಟವೆಲ್ ಎಸೆದರೆ ಪಂದ್ಯ ಅಲ್ಲಿಗೆ ನಿಲ್ಲುತ್ತದೆ. ಅಮ್ಮನೂ ಅದನ್ನೇ ಕೇಳಿದಳು. ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದು, ಅವನನ್ನು ಅವನ ಕಾಲ ಮೇಲೆ ಮನೆಗೆ ಕರೆದುಕೊಂಡು ಬಾ, ಬೇರೇನೂ ಬೇಡ ಎಂದಳು. ನಾನು ಮಾತು ಕೊಟ್ಟೆ. ಮೂಲೆಗೆ ಇನ್ನೊಬ್ಬರು ಸಿಗುತ್ತಾರೇನೋ ಎಂದು ಆ ಮೂರು ದಿನವೂ ಹುಡುಕಿದ್ದೆವು. ಗೆಲ್ಲುವವನ ಮೂಲೆಗಾದರೆ ಜನ ಸಾಲುಗಟ್ಟುತ್ತಾರೆ. ಕೊಡೆಯ ಮೂಲೆಗೆ ನಾನೊಬ್ಬಳೇ.

ಭಾನುವಾರ ಮಧ್ಯಾಹ್ನ, ಊರಿನ ಒಳಾಂಗಣ ಆಟದ ಮನೆ. ಸುತ್ತಲೂ ಮಡಚುವ ಕುರ್ಚಿಗಳು, ಮೇಲೆ ತಗಡಿನ ಚಾವಣಿ. ನಮಗೆ ಕೊಟ್ಟ ಕೋಣೆಯಲ್ಲಿ ನೆಲ ಒರೆಸುವ ಕೋಲು, ಬಕೆಟ್ಟು, ಫಿನಾಯಿಲ್ ವಾಸನೆ. ನಾನೇ ಹೊಲಿದುಕೊಂಡ ಬಿಳಿ ಕೋಟು ಹಾಕಿಕೊಂಡು, ಆರು ಗುಂಡಿಗಳನ್ನು ಎಣಿಸಿ ಎಡಜೇಬಿಗೆ ಹಾಕಿದೆ. ಮತ್ತೆ ತೆಗೆದು ಎಣಿಸಿದೆ. ಅವನು ಕೈ ಚಾಚಿ ಕೂತ. ಪಟ್ಟಿ ಸುತ್ತುವಾಗ ನನ್ನ ಬೆರಳುಗಳು ತಣ್ಣಗಿದ್ದವು, ಅವನವು ಬಿಸಿಯಾಗಿದ್ದವು. ಎಡಗೈಗೆ ಎರಡು ಸಲ ಬಿಚ್ಚಿ ಸುತ್ತಬೇಕಾಯಿತು.  ಹೊರಗೆ ಸುತ್ತಿಗೆಯ ಹೆಸರು ಕೂಗುತ್ತಿದ್ದರು. ನನಗೆ ಕಣ್ಣ ಮುಂದೆ ಬರುತ್ತಿದ್ದುದು ಆ ಕಂಡಕ್ಟರನ ಗದ್ದ.

ಮೊದಲ ಸುತ್ತಿನಲ್ಲಿ ಸುತ್ತಿಗೆ ಅವಸರ ಮಾಡಲಿಲ್ಲ. ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವವರ ಹಾಗೆ ಒಂದೊಂದು ಹೊಡೆತ ಕೊಟ್ಟು ನೋಡುತ್ತಿದ್ದ. ತಮ್ಮ ಕೊಡೆ ಬಿಚ್ಚಿಕೊಂಡು ಹಿಂದೆ ಹಿಂದೆ ಸರಿದ. ತೋಳಿನ ಮೇಲೆ ಬೀಳುತ್ತಿದ್ದ ಏಟಿನ ಸದ್ದು, ಒದ್ದೆ ಹಾಸಿಗೆಯನ್ನು ಕೋಲಿನಿಂದ ಬಡಿದಂತೆ, ನನ್ನ ಹಲ್ಲಿನವರೆಗೂ ಬರುತ್ತಿತ್ತು. ಗಂಟೆ ಹೊಡೆಯಿತು, ಒಂದು ಗುಂಡಿ ದಾಟಿಸಿದೆ. ಎರಡನೆಯದರಲ್ಲಿ ಪಕ್ಕೆಗೆ ಬಿತ್ತು, ಅವನ ಉಸಿರು ಹೊರಬಿದ್ದದ್ದು ಕೇಳಿಸಿತು. ಗಂಟೆ, ಇನ್ನೊಂದು ಗುಂಡಿ. ನೀರು ಕುಡಿಸಿ, ಏಟು ಜಾರಲೆಂದು ಮುಖಕ್ಕೆ ಜಿಡ್ಡು ಸವರಿ, ಹುಷಾರು ಎಂದೆ. ಬೇರೆ ಏನು ಹೇಳಲು ಬರುತ್ತದೆ ನನಗೆ. ಅವನು ತಲೆಯಾಡಿಸಿ ಹೋದ.

ಮೂರನೆಯ ಸುತ್ತಿನ ನಡುವೆ ತಮ್ಮ ಬಿದ್ದ.

ಹೊಡೆತ ಬಂದದ್ದು ನನಗೆ ಕಾಣಲೇ ಇಲ್ಲ. ಕೊಡೆಯ ಅಡಿಯಿಂದ ಏನೋ ತೂರಿ ಬಂತು, ಅವನ ಮೊಣಕಾಲು ಮಡಚಿತು, ಹದಿನೈದು ಪಂದ್ಯದಲ್ಲಿ ನೆಲ ಮುಟ್ಟದವನು ಮಂಡಿಯ ಮೇಲೆ, ಆಮೇಲೆ ಮೊಣಕೈ ಮೇಲೆ ಕುಸಿದ. ಜನ ಎದ್ದು ನಿಂತರು. ಮೈಕು ಕಿರುಚಿತು.  ಮುಗಿಯಿತು, ಎಲ್ಲ ಮುಗಿಯಿತು ಎಂದುಕೊಂಡೆ, ಕೈ ತಾನಾಗಿಯೇ ಎಡಜೇಬಿಗೆ ಹೋಯಿತು, ಬೆರಳಿಗೆ ಸಿಕ್ಕ ಗುಂಡಿಯನ್ನು ಹಿಂಡಿ ಹಿಡಿದುಕೊಂಡೆ. ಆಮೇಲೆ ಅದು ಎಲ್ಲಿಗೆ ಹೋಯಿತು ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ರೆಫ್ರಿ ಬೆರಳೆತ್ತಿ ಎಣಿಸುತ್ತಿದ್ದ. ಏಳಕ್ಕೆ ತಮ್ಮ ಒಂದು ಮಂಡಿ ಊರಿದ, ಎಂಟಕ್ಕೆ ಎದ್ದ. ರೆಫ್ರಿ ಅವನ ಕಣ್ಣು ನೋಡಿ ಏನೋ ಕೇಳಿ ಕೈ ಬೀಸಿ ಮುಂದುವರಿಸಿದ. ಉಳಿದ ಹೊತ್ತು ಅವನು ಸುತ್ತಿಗೆಯ ಮೈಗೆ ಅಂಟಿಕೊಂಡು ಹೇಗೋ ಕಳೆದ. ಗಂಟೆ ಹೊಡೆದಾಗ ನಾನು ಅಭ್ಯಾಸದಂತೆ ಒಂದು ಗುಂಡಿ ದಾಟಿಸಿ ಸ್ಟೂಲು ಹಿಡಿದು ಓಡಿದೆ.

ನಾಲ್ಕನೆಯದು ಇನ್ನೂ ಕೆಟ್ಟದಾಗಿತ್ತು. ಅವನು ಹಿಂದೆ ಸರಿಯುತ್ತಾನೆ, ಹಿಂದೆ ಹಗ್ಗ ಇರುತ್ತದೆ, ಹಗ್ಗಕ್ಕೆ ಬೆನ್ನು ತಾಗಿದ ಮೇಲೆ ಸರಿಯಲು ಜಾಗವಿಲ್ಲ. ಸುತ್ತಿಗೆಗೆ ಅದೇ ಬೇಕಿತ್ತು. ಹಗ್ಗಕ್ಕೆ ಆನಿಸಿ ನಿಲ್ಲಿಸಿ ಎಡಗಣ್ಣಿನ ಮೇಲೇ ಹೊಡೆಯುತ್ತಿದ್ದ. ನನಗೆ ಎಷ್ಟೋ ವರ್ಷಕ್ಕೆ ಮೊದಲ ಸಲ ಒಂದು ವಿಷಯ ಹೊಳೆಯಿತು, ಹೊಳೆದು ಇನ್ನಷ್ಟು ಭಯವಾಯಿತು. ಇವನನ್ನು ನಾವು ಕಲಿಸಿದ ಹುಷಾರೇ ಕೊಲ್ಲುತ್ತಿದೆ. ಹಿಂದೆ ಸರಿದಷ್ಟೂ ಅವನಿಗೆ ಹೆಚ್ಚು ಏಟು ಬೀಳುತ್ತಿತ್ತು.

ಗಂಟೆ ಹೊಡೆಯಿತು. ಅವನು ಸ್ಟೂಲಿನ ಮೇಲೆ ಕುಸಿದ. ಮಂಜುಗಡ್ಡೆಯಲ್ಲಿಟ್ಟಿದ್ದ ಲೋಹದ ತುಂಡನ್ನು, ಪುಟ್ಟ ಇಸ್ತ್ರಿಪೆಟ್ಟಿಯ ಹಾಗಿರುತ್ತದೆ ಅದು, ಊದಿದ ಕಣ್ಣಿನ ಮೇಲೆ ಒತ್ತಿ ಹಿಡಿದೆ. ಇನ್ನೊಂದು ಕೈಯಿಂದ ಗುಂಡಿ ದಾಟಿಸಿ, ಎಡಜೇಬು ತಡಕಿದೆ. ಒಂದೇ ಒಂದು ಗುಂಡಿ. ಒಂದೇ ಸುತ್ತು. ಟವೆಲ್ ಹೆಗಲ ಮೇಲಿತ್ತು. ಈಗಲೇ ಎಸೆದುಬಿಡಲೇ ಎಂದುಕೊಂಡೆ. ಇನ್ನು ಮೂರೇ ನಿಮಿಷ, ಆದರೆ ಮತ್ತೆ ಹಗ್ಗಕ್ಕೆ ಹೋಗಿ ನಿಂತರೆ ಆ ಮೂರು ನಿಮಿಷವೇ ಸಾಕು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ.

“ಹಿಂದೆ ಹೋಗಬೇಡ ಕಣೋ. ಇದು ಕೊನೇ ಸುತ್ತು. ಏನೂ ಉಳಿಸ್ಕೋಬೇಡ, ಎಲ್ಲಾ ಕೊಟ್ಟುಬಿಡು. ಹೋಗು.”

ಅವನು ತೆರೆದಿದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

“ಕೊನೇದಾ?” ಎಂದ.

“ಕೊನೇದು,” ಎಂದೆ.

ಇನ್ನೇನೋ ಹೇಳಲು ಬಾಯಿ ತೆರೆದವನು ಮುಚ್ಚಿದ. ನಾನು ಹಲ್ಲಿನ ಗಾರ್ಡ್ ತುರುಕಿದೆ. ಅವನು ಎದ್ದು ಹೋದ.

ತಮ್ಮ ಗಾಜು ಕತ್ತರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅಳತೆ ಹಾಕಿ, ಮೊಳೆಯ ತಲೆಯಷ್ಟು ಪುಟ್ಟ ಚಕ್ರದಿಂದ ಗೀರೆಳೆಯುವವರೆಗೂ ಅವನದು ಆಮೆಯ ನಡಿಗೆ. ಗೀರೆಳೆದ ಮೇಲೆ ಮಾತ್ರ ಮೇಜಿನಂಚಿಗೆ ಇಟ್ಟು ಒಂದೇ ಏಟಿಗೆ ಮುರಿಯುತ್ತಾನೆ. ಆ ಕ್ಷಣದಲ್ಲಿ ಅನುಮಾನಿಸಿದರೆ ಗಾಜು ಅಡ್ಡಾದಿಡ್ಡಿ ಒಡೆದು ಕೈಗೆ ಬರುತ್ತದಂತೆ. ಐದು ವರ್ಷದಿಂದ ರಿಂಗಿನಲ್ಲಿ ಗೀರು ಮಾತ್ರ ಎಳೆಯುತ್ತಿದ್ದವನು ಅಂದು ಗಂಟೆ ಹೊಡೆದ ಕೂಡಲೇ ನಾಲ್ಕು ದೊಡ್ಡ ಹೆಜ್ಜೆಯಿಟ್ಟು ನಡುವಿಗೆ ಹೋಗಿ ನಿಂತ. ಕೊಡೆ ಮಡಚಿಟ್ಟಿದ್ದ. ಸುತ್ತಿಗೆ ಹೊಡೆದ, ಇವನು ಏಟು ತಿಂದು, ಅದರ ಜೊತೆಗೇ ತಾನೂ ಹೊಡೆದ. ಸುತ್ತಿಗೆಯ ಮುಖದಲ್ಲಿ ಕಂಡದ್ದು ನೋವಲ್ಲ, ಆಶ್ಚರ್ಯ. ಮನೆಯ ಬೆಕ್ಕು ಎದ್ದು ನಿಂತು ಬೈದರೆ ಹೇಗಿರುತ್ತದೋ ಹಾಗಿತ್ತು ಅವನ ಮುಖ. ತಮ್ಮ ಮತ್ತೆ ಹೊಡೆದ, ಪಕ್ಕೆಗೆ, ತಲೆಗೆ, ಮತ್ತೆ ಪಕ್ಕೆಗೆ. ತಿಂದದ್ದಕ್ಕೂ ಕೊಟ್ಟದ್ದಕ್ಕೂ ಲೆಕ್ಕವಿರಲಿಲ್ಲ. ಆಕಳಿಸುತ್ತಿದ್ದ ಜನ ಕುರ್ಚಿ ಹತ್ತಿದ್ದರು.

ನನಗೆ ನೋಡಲಾಗಲಿಲ್ಲ. ಎದುರಿನಿಂದ ಮುಖ ತಿರುಗಿಸಿದೆ. ತಿರುಗಿಸಿದಾಗ ಸಮಯ ನೋಡುವವನ ಮೇಜು ಕಣ್ಣಿಗೆ ಬಿತ್ತು. ಮೇಜಿನ ಅಂಚಿಗೆ ಒಂದು ರಟ್ಟು ತೂಗುಹಾಕಿತ್ತು. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಐದು ಎಂದು ಬರೆದಿತ್ತು.

ಬದಲಿಸಲು ಮರೆತಿದ್ದಾನೆ ಎಂದುಕೊಂಡೆ ಮೊದಲು. ಹೆದರಿದ ಮನಸ್ಸು ಬೇರೆಯವರ ತಪ್ಪು ಹುಡುಕುವುದರಲ್ಲಿ ಬಹಳ ಚುರುಕು. ಆಮೇಲೆ ಮೂರನೆಯ ಸುತ್ತಿನಲ್ಲಿ ಕೈಯಲ್ಲಿ ಹಿಂಡಿ ಹಿಡಿದಿದ್ದ ಗುಂಡಿ ನೆನಪಾಯಿತು. ಅದು ಬಲಜೇಬಿಗೆ ಹೋಗಿತ್ತು.  ಇದು ಕೊನೆಯದಲ್ಲ. ಇನ್ನೂ ಒಂದು ಸುತ್ತಿದೆ. ಏನೂ ಉಳಿಸಿಕೊಳ್ಳಬೇಡ ಎಂದು ನಾನು ಹೇಳಿದೆ, ಅವನು ಅಕ್ಕನ ಮಾತು ನಂಬಿ ಎಲ್ಲವನ್ನೂ ಈಗಲೇ ಸುರಿಯುತ್ತಿದ್ದಾನೆ. ಮೂರು ನಿಮಿಷ ಮುಗಿದರೆ ಅವನೊಳಗೆ ಏನೂ ಇರುವುದಿಲ್ಲ. ಕೊಡೆ ಹಿಡಿಯಲೂ ತೋಳು ಏಳುವುದಿಲ್ಲ. ಆ ಖಾಲಿ ಮೈಯನ್ನು ನಾನು ಇನ್ನೊಮ್ಮೆ ಸುತ್ತಿಗೆಯ ಮುಂದೆ ಕಳಿಸಬೇಕು.

ಅಪ್ಪ ಹಗ್ಗ ಕಟ್ಟದೆ ಹತ್ತಿದರು. ಇವನ ಹಗ್ಗವನ್ನು ನಾನೇ ಬಿಚ್ಚಿದ್ದೆ.

ಟವೆಲ್ಲನ್ನು ಎಳೆದುಕೊಂಡೆ. ಎಸೆದುಬಿಡಬೇಕು, ಈಗಲೇ, ಅವನು ನಿಂತಿರುವಾಗಲೇ. ಎಸೆಯದಿದ್ದುದಕ್ಕೆ ಧೈರ್ಯ ಕಾರಣವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೈ ಮರಗಟ್ಟಿ ಹೋಗಿತ್ತು, ಏಳಲೇ ಇಲ್ಲ. ಅಷ್ಟರಲ್ಲಿ ಜನರ ಕೂಗು ಬದಲಾಯಿತು. ನೋಡಿದರೆ ಸುತ್ತಿಗೆ ಒಂದು ಹೆಜ್ಜೆ ಹಿಂದಿಟ್ಟಿದ್ದ. ಇನ್ನೊಂದು ಹೆಜ್ಜೆ ಇಟ್ಟ. ಹಗ್ಗ ಈಗ ಅವನ ಬೆನ್ನಿಗಿತ್ತು. ತಮ್ಮ ಎಡಗೈಯನ್ನು ಕೆಳಗಿನಿಂದ ತಂದು ಅವನ ಬಲಪಕ್ಕೆಯ ಅಡಿಗೆ ಹೊಡೆದ. ಸದ್ದೇನೂ ಆಗಲಿಲ್ಲ. ಸುತ್ತಿಗೆ ಎರಡು ಕ್ಷಣ ನಿಂತೇ ಇದ್ದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಮಂಡಿಯೂರಿದ.

ರೆಫ್ರಿ ಎಣಿಸಿದ. ನಾನೂ ಎಣಿಸಿದೆ, ಜೋರಾಗಿ, ಹತ್ತರವರೆಗೆ ಹೋಗಲಿ ಎಂದು. ಒಂಬತ್ತಕ್ಕೆ ಆ ಮನುಷ್ಯ ಎದ್ದ.  ಮರುಕ್ಷಣವೇ ಗಂಟೆ ಹೊಡೆಯಿತು.

ತಮ್ಮ ಮೂಲೆಗೆ ಬಂದ. ಬಂದನೋ, ಉರುಳಿದನೋ. ಸ್ಟೂಲಿನ ಮೇಲೆ ಕೂತು ಹಲ್ಲಿನ ಗಾರ್ಡ್ ತೆಗೆಯಲು ಬಾಯಿ ತೆರೆದ. ತೊಡೆಗಳು ಹೊಲಿಗೆ ಯಂತ್ರದ ಪೆಡಲಿನಂತೆ ಅದುರುತ್ತಿದ್ದವು. ತೋಳುಗಳು ಎರಡೂ ಪಕ್ಕದಲ್ಲಿ ಜೋತುಬಿದ್ದಿದ್ದವು. ನೀರು ಹಾಕಿದರೆ ನುಂಗಲೂ ಆಗದೆ ಎದೆಯ ಮೇಲೆ ಹರಿಯಿತು. ಅವನಿಗೆ ಹೇಳಬೇಕು. ಹೇಗೆ ಹೇಳಲಿ? ಮುಗಿಯಿತು ಎಂದು ಕೂತವನಿಗೆ, ತಮ್ಮಾ, ನನ್ನಿಂದ ತಪ್ಪಾಯಿತು, ಇನ್ನೊಮ್ಮೆ ಹೋಗು ಎಂದು ಯಾವ ಬಾಯಲ್ಲಿ ಹೇಳಲಿ? ಅದಕ್ಕಿಂತ ಟವೆಲ್ ಎಸೆಯುವುದು ಸುಲಭ. ಆದರೆ ಜೀವಮಾನದಲ್ಲಿ ಒಂದೇ ಒಂದು ಸಲ ಎದುರಿನವನನ್ನು ಕೆಡವಿದ್ದಾನೆ. ಅದನ್ನೂ ನಾನೇ ಕಿತ್ತುಕೊಳ್ಳಬೇಕು.

“ಇನ್ನೊಂದು...” ಎಂದೆ.  ಅವನು ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ, ಕೇಳಿಸಿತೋ ಇಲ್ಲವೋ. ಟವೆಲ್ ನನ್ನ ಮುಷ್ಟಿಯಲ್ಲಿ ಒದ್ದೆಯಾಗಿತ್ತು. ಹತ್ತು ಸೆಕೆಂಡು ಉಳಿದಿದೆ ಎಂದು ಮೇಜಿನ ಮೇಲೆ ಮರದ ತುಂಡು ಬಡಿದರು. ಅವನು ಮೊಣಕಾಲಿನ ಮೇಲೆ ಕೈಯೂರಿ ಏಳಲು ನೋಡಿದ, ಆಗಲಿಲ್ಲ, ಮತ್ತೆ ನೋಡಿದ. ಎರಡನೆಯ ಸಲಕ್ಕೆ ಎದ್ದು ನಿಂತ. ನಾನು ಟವೆಲ್ ಇದ್ದ ಕೈ ಎತ್ತಿದೆ. ಈ ಸಲ ಕೈ ಎದ್ದಿತು.

ಎದುರಿನ ಮೂಲೆಯಲ್ಲಿ ಜನ ಗುಂಪುಗೂಡಿದ್ದರು. ಸುತ್ತಿಗೆ ಸ್ಟೂಲಿನ ಮೇಲೆ ಬಲಪಕ್ಕೆಗೆ ಕೈಯೊತ್ತಿ ಮುಂದಕ್ಕೆ ಬಾಗಿ ಕೂತಿದ್ದ. ಅವನ ಕಡೆಯವನೊಬ್ಬ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದ, ಅವನು ತಲೆಯಲ್ಲಾಡಿಸಿದ. ಆರನೆಯ ಸುತ್ತಿನ ಗಂಟೆ ಹೊಡೆಯಿತು. ಅವನು ಏಳಲಿಲ್ಲ. ರೆಫ್ರಿ ಹೋಗಿ ಬಗ್ಗಿ ಏನೋ ಕೇಳಿ, ನೆಟ್ಟಗಾಗಿ, ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಬೀಸಿದ. ನನಗೆ ಅದರ ಅರ್ಥ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು: ಪಂದ್ಯ ಮುಗಿದಿತ್ತು, ತಮ್ಮ ಗೆದ್ದಿದ್ದ. ಎತ್ತಿದ್ದ ಟವೆಲ್ಲಿನಿಂದ ಮುಖ ಒರೆಸಿಕೊಂಡೆ.

ಆಮೇಲಿನ ಗದ್ದಲದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಯಾರು ಯಾರೋ ತಮ್ಮನನ್ನು ಎತ್ತಿ ಇಳಿಸಿದರು. ಪಂದ್ಯ ನಡೆಸುವವನು ಬಂದು, ಈ ಹುಡುಗನಲ್ಲಿ ಏನೋ ಇದೆ ಎಂದು ತನಗೆ ಗಾಜಿನ ಅಂಗಡಿಯಲ್ಲೇ ಗೊತ್ತಾಗಿತ್ತು ಎಂದ. ನಾನು ಅವನ ಕಡೆ ನೋಡಿದ ರೀತಿಗೆ ಬೇಗನೇ ಹೊರಟುಹೋದ. ಡಾಕ್ಟರು ಕಣ್ಣಿಗೆ ಟಾರ್ಚ್ ಹಾಕಿ ನೋಡಿದರು, ಬೆರಳು ಎಣಿಸಲು ಹೇಳಿದರು, ಇವತ್ತು ಯಾವ ವಾರ ಎಂದು ಕೇಳಿದರು. ವಾರ ಕಳೆದರೆ ಬಾವು ಇಳಿಯುತ್ತದೆ, ಹೆದರಬೇಡಿ ಎಂದರು. ಅಮ್ಮನಿಗೆ ಫೋನು ಮಾಡಿದೆ. ಗೆದ್ದನಾ ಎಂದು ಅವಳು ಕೇಳಲೇ ಇಲ್ಲ, ನಿಂತಿದ್ದಾನಾ ಎಂದಷ್ಟೇ ಕೇಳಿದಳು. ನಿಂತಿದ್ದಾನೆ ಎಂದೆ. ಆ ಕಡೆಯಿಂದ ಬಹಳ ಹೊತ್ತು ಅಳು ಕೇಳಿಸಿತು.

ಕೊನೆಗೆ ಫಿನಾಯಿಲ್ ವಾಸನೆಯ ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಕೈ ಚಾಚಿದ. ಕೈಯ ಪಟ್ಟಿ ಕತ್ತರಿಸಲೆಂದು ಅಂಗಡಿಯ ಕತ್ತರಿ ತೆಗೆದೆ. ಅವನು ಅಂಗಿ ಹಾಕಿಕೊಂಡಿದ್ದ, ಗುಂಡಿಗಳು ಸರಿಯಾಗಿದ್ದವು, ಅದನ್ನು ಆಗಲೇ ನೋಡಿದ್ದೆ. ಆದರೆ ನನ್ನ ತಪ್ಪು ಹೇಳುವುದು ಬಾಕಿ ಇತ್ತು. ಹೇಳದೆ ಮನೆಗೆ ಹೋದರೆ ಇದು ಜನ್ಮವಿಡೀ ನನ್ನನ್ನು ತಿನ್ನುತ್ತದೆ ಎನಿಸಿತು. ತಲೆ ತಗ್ಗಿಸಿಕೊಂಡೇ ಹೇಳಿದೆ. ಗುಂಡಿಯ ಲೆಕ್ಕ ತಪ್ಪಿತ್ತು, ಅದು ಐದನೆಯ ಸುತ್ತಾಗಿತ್ತು, ನಾನು ನಿನಗೆ ಕೊನೆಯದು ಎಂದು ಸುಳ್ಳು ಹೇಳಿಬಿಟ್ಟೆ ಎಂದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ.

“ಗೊತ್ತಿತ್ತು,” ಎಂದ.

ನಾನು ತಲೆ ಎತ್ತಿದೆ.

“ಐದನೇದು ಅಂತ ಮೈಕಲ್ಲೇ ಕೂಗಿದ್ರಲ್ಲ ಅಕ್ಕ. ನಿಂಗೆ ಕೇಳಿಸಿಲ್ಲ ಅಷ್ಟೆ.”

ಆಗ ನನಗೆ ನೆನಪಾಯಿತು. ಗಂಟೆ ಹೊಡೆದ ಮೇಲೆ ಅವನು ಕೈ ಎತ್ತಿರಲಿಲ್ಲ, ಎದುರಾಳಿಯನ್ನು ಅಪ್ಪಿಕೊಂಡಿರಲಿಲ್ಲ. ಪಂದ್ಯ ಮುಗಿದವನು ಯಾರಾದರೂ ಸ್ಟೂಲಿನ ಮೇಲೆ ಕೂತು ಗಾರ್ಡ್ ತೆಗೆ ಎಂದು ಬಾಯಿ ತೆರೆಯುತ್ತಾನೆಯೇ? ಇನ್ನೊಂದಿದೆ ಎಂದು ತಿಳಿದವನು ಮಾತ್ರ ಹಾಗೆ ಕೂರುತ್ತಾನೆ. ನನಗೆ ಮೈಯೆಲ್ಲ ಉರಿದುಹೋಯಿತು. ಆರನೆಯದಕ್ಕೆ ಸುತ್ತಿಗೆ ಎದ್ದು ಬಂದಿದ್ದರೆ ಏನು ಮಾಡುತ್ತಿದ್ದೆಯೋ ಎಂದು ಕೇಳಿದೆ.

“ಬೀಳ್ತಿದ್ದೆ. ಕೈ ಎತ್ತೋಕೂ ಆಗ್ತಿರ್ಲಿಲ್ಲ. ಅಲ್ಲಿ ಕೂತ್ಕೊಂಡಾಗ ನಂಗೂ ಉಚ್ಚೆ ಬರೋಷ್ಟು ಭಯ ಆಯ್ತು.”

“ಗೊತ್ತಿದ್ದೂ ಯಾಕೋ ಹಾಗೆ ಮಾಡ್ದೆ? ತಪ್ಪು ಲೆಕ್ಕ ಅಂತ ಒಂದು ಮಾತು ಹೇಳಬಾರದಿತ್ತಾ?”

ಅವನು ಪಟ್ಟಿ ಸುತ್ತಿದ ಕೈಯನ್ನೇ ನೋಡುತ್ತಿದ್ದ.

“ಬುದ್ಧಿ ಬಂದಾಗಿಂದ ನಿನ್ನ ಬಾಯಲ್ಲಿ ಹುಷಾರು ಬಿಟ್ಟು ಬೇರೆ ಮಾತು ಕೇಳಿಲ್ಲ ಅಕ್ಕ. ಇವತ್ತು ಹೋಗು ಅಂದೆ. ನಾನು ಲೆಕ್ಕ ತಪ್ಪಿದೆ ಅಂದಿದ್ರೆ, ನೀನು ಅದನ್ನ ವಾಪಸ್ ತಗೊಂಡ್ಬಿಡ್ತಿದ್ದೆ.”

ಹೌದು, ತೆಗೆದುಕೊಳ್ಳುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ. ನಾನು ಕತ್ತರಿ ಕೆಳಗಿಟ್ಟು ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚಿದೆ. ಆಮೇಲೆ ಜೇಬುಗಳನ್ನು ಬರಿದು ಮಾಡಿದೆ. ಬಲಜೇಬಿನಲ್ಲಿ ಐದು ಗುಂಡಿ, ಎಡಜೇಬಿನಲ್ಲಿ ಒಂದು. ಐದು ಸುತ್ತು ಆಡಿದ್ದೂ, ಆರನೆಯದು ಆಡದೆ ಉಳಿದದ್ದೂ ಸರಿಯಾಗಿಯೇ ಇತ್ತು. ಎಲ್ಲವನ್ನೂ ಸೇರಿಸಿ ಚೀಲಕ್ಕೆ ಹಾಕಿದೆ.

ಹೊರಗೆ ಇನ್ನೂ ಬಿಸಿಲಿತ್ತು. ಯಾರೋ ನೆಲ ತೊಳೆದ ನೀರು ಮೆಟ್ಟಿಲ ಮೇಲೆಲ್ಲ ಹರಿದಿತ್ತು. ಅವನಿಗೆ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ಆದರೂ ನನಗಿಂತ ಮುಂದೆ ಇಳಿಯಲು ಹೊರಟ.

“ಹುಷಾರು,” ಎಂದೆ.

ಅವನು ನಿಂತು, ತಿರುಗಿ ನೋಡಿ, ಜೋರಾಗಿ ನಕ್ಕ. ನಕ್ಕದ್ದಕ್ಕೆ ಒಡೆದಿದ್ದ ತುಟಿಯಿಂದ ಮತ್ತೆ ರಕ್ತ ಬಂತು. ನಾನು ಟವೆಲ್ ಕೊಟ್ಟೆ.